ಗೇಟಿನಿಂದ ಮರಳಿದ ಪಾತ್ರೆ

"ಗುರುಗಳೇ, ಹತ್ತು ಜನರ ಕೆಲಸಕ್ಕೆ ಹೆಗಲು ಕೊಟ್ಟವರ ನೆರವಿಗೆ ಒಬ್ಬರೂ ಯಾಕೆ ಬರುವುದಿಲ್ಲ?" ಎಂದು ಶಿಷ್ಯೆ ಕೇಳಿದಳು.

ಅವಳು ಹದಿನಾಲ್ಕು ವರ್ಷದಿಂದ ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು. ಸೋಮವಾರದ ಊಟಕ್ಕೆ ಸುತ್ತಲಿನ ಬಡಾವಣೆಗಳಿಂದ ಮುನ್ನೂರು ಜನ ಬರುತ್ತಿದ್ದರು. "ಸೊಂಟ ಬಿದ್ದುಹೋಗಿದೆ. ಸಹಾಯಕ್ಕೆಂದು ಬಂದವರು ಎರಡು ದಿನ ನಿಲ್ಲುವುದಿಲ್ಲ. ಬಿಟ್ಟುಬಿಡೋಣ ಅನ್ನಿಸುತ್ತಿದೆ" ಎಂದಳು.

ಗುರುಗಳು ಅವಳನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಪಟ್ಟಣದ ಅಂಚಿನಲ್ಲಿ ಒಂದು ಹೊಸ ಬಡಾವಣೆ ಎದ್ದಿತು. ಮನೆ ಕಟ್ಟಿಕೊಂಡು ಬಂದವರೆಲ್ಲ ಒಂದೊಂದು ದಿಕ್ಕಿನವರು. ಎದುರುಮನೆಯವರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಮೂಲೆಮನೆಗೆ ಒಬ್ಬ ಹೆಂಗಸು ಗಂಡನ ಜೊತೆ ಬಂದಳು. ಅವಳ ಊರು ಬಹಳ ದೂರ. ಮಕ್ಕಳಿರಲಿಲ್ಲ.

ಒಂದು ದಿನ ಆ ಬೀದಿಯಲ್ಲಿ ಒಬ್ಬ ಮುದುಕ ತೀರಿಕೊಂಡ. ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವಂತಿಲ್ಲ. ನೆರೆಯವರು ಅಡುಗೆ ಮಾಡಿ ತಂದು, ಒತ್ತಾಯ ಮಾಡಿ ಉಣ್ಣಿಸಬೇಕು. ಊರಲ್ಲಾದರೆ ಯಾರು ತರುತ್ತಾರೆ ಎಂಬುದು ಕೇಳುವ ಮಾತೇ ಅಲ್ಲ. ಇಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮೂಲೆಮನೆಯವಳು ಮನೆಗೆ ಹೋದಳು. ಒಂದು ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ಒಗ್ಗರಣೆ ಹಾಕದ ಬೇಳೆಸಾರು ಮಾಡಿ ತಂದಳು. ಬೆಳಗಿನಿಂದ ಹಸಿದಿದ್ದವರು ಅಳುತ್ತಲೇ ಉಂಡರು.

ಆ ಬಡಾವಣೆಯ ಜನ ಒಬ್ಬರಿಗೊಬ್ಬರು ಗುರುತಾದದ್ದು ಆ ಊಟದಲ್ಲಿ.

ಅಂದಿನಿಂದ ಯಾರ ಮನೆಯಲ್ಲಿ ಉಸಿರು ನಿಂತರೂ ಸುದ್ದಿ ಮೊದಲು ಮೂಲೆಮನೆಗೆ ಬರುತ್ತಿತ್ತು. "ಯಮನ ಪಟ್ಟಿಯ ಒಂದು ಪ್ರತಿ ನಿನ್ನ ಹತ್ತಿರವೂ ಇರುತ್ತದೇನೇ?" ಎಂದು ಗಂಡ ತಮಾಷೆ ಮಾಡುತ್ತಿದ್ದ. ಅವಳು ರೇಗಿದಂತೆ ಮಾಡಿ ಅಕ್ಕಿ ತೊಳೆಯಲು ಹೋಗುತ್ತಿದ್ದಳು. ತಾನಿಲ್ಲದೆ ಈ ಬೀದಿಗೆ ಆಗುವುದಿಲ್ಲ ಎಂಬ ಮಾತು ಅವಳ ಕಿವಿಗೆ ಹಿತವಾಗಿತ್ತು.

ಕೆಲವು ವರ್ಷ ಕಳೆದ ಮೇಲೆ ಹಿಂದಿನ ಬೀದಿಗೆ ಒಬ್ಬ ದರ್ಜಿ ಸಂಸಾರ ಸಮೇತ ಬಂದ. ಅವನ ಹೆಂಡತಿ ಇನ್ನೂ ಚಿಕ್ಕವಳು. ಒಂದು ಸಾವಿನ ಮನೆಗೆ ಅವಳೂ ಒಂದು ಪಾತ್ರೆ ಹೊತ್ತುಕೊಂಡು ಬಂದಳು.

"ಅತ್ತೇ, ನಾನೂ ಇಷ್ಟು ಸಾರು ಮಾಡಿ ತಂದಿದ್ದೇನೆ. ಇವತ್ತು ನೀವು ಅನ್ನ ಒಂದು ಮಾಡಿದರೆ ಸಾಕು."

ಮೂಲೆಮನೆಯವಳು ಮುಚ್ಚಳ ತೆಗೆದಳು. ಮೇಲೆ ಸಾಸಿವೆ, ಕರಿಬೇವು ತೇಲುತ್ತಿದ್ದವು. ಒಂದು ಹನಿ ಅಂಗೈಗೆ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿದಳು.

"ಅಯ್ಯೋ ಹುಡುಗಿ, ಸತ್ತವರ ಮನೆಗೆ ಸಾಸಿವೆ ಸಿಡಿಸಿಕೊಂಡು ಬಂದಿದ್ದೀಯಲ್ಲೇ! ಉಪ್ಪಂತೂ ಸಮುದ್ರದ್ದೆಲ್ಲ ಇಲ್ಲೇ ಇದೆ. ಹೆಣದ ಮುಂದೆ ಅತ್ತದ್ದು ಸಾಲದು ಅಂತಲಾ?"

ಅವಳು ನಗುತ್ತಲೇ ಹೇಳಿದಳು. ಸುತ್ತ ಇದ್ದ ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು. ಸಾರು ಬಚ್ಚಲಿಗೆ ಹೋಯಿತು. ಮೂಲೆಮನೆಯವಳು ತನ್ನ ಕೈಯಾರೆ ಬೇರೆ ಸಾರು ಮಾಡಿ ತಂದಳು. ದರ್ಜಿಯ ಹೆಂಡತಿ ಖಾಲಿ ಪಾತ್ರೆ ತೊಳೆದುಕೊಂಡು ಮನೆಗೆ ಹೋದಳು.

ಆಮೇಲೆ ಯಾರೂ ಅಡುಗೆ ಮಾಡಿ ತರಲಿಲ್ಲ. ಸಾವಾದಾಗ ಅಕ್ಕಿ, ಬೇಳೆ ತಂದು ಮೂಲೆಮನೆಯ ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. "ನಿಮ್ಮ ಕೈಯ ಹದ ನಮಗೆಲ್ಲಿ ಬರಬೇಕು" ಎನ್ನುತ್ತಿದ್ದರು. ಅವಳೂ ಹೌದು ಎಂದುಕೊಂಡಳು.

ವಯಸ್ಸಾಯಿತು. ಪಾತ್ರೆ ಇಳಿಸುವಾಗ ಮಣಿಕಟ್ಟು ನಡುಗುತ್ತಿತ್ತು. ಬಡಾವಣೆ ದೊಡ್ಡದಾಗಿತ್ತು, ಸಾವುಗಳೂ ಹೆಚ್ಚಾಗಿದ್ದವು. ಒಂದು ಸಂಜೆ ಅವಳು ಗಂಡನ ಮುಂದೆ ಕುಳಿತು "ಸಾಕಾಗಿಹೋಯಿತು" ಎಂದಳು.

"ಹಾಗಾದರೆ ಯಾರಿಗಾದರೂ ವಹಿಸು."

"ಯಾರಿಗೆ ವಹಿಸಲಿ? ಒಬ್ಬಳಿಗೂ ನೆಟ್ಟಗೆ ಉಪ್ಪು ಹಾಕಲು ಬರುವುದಿಲ್ಲ."

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿರುವಾಗಲೇ, ಗಂಡನೂ ಹೋದ.

ಇಡೀ ಬಡಾವಣೆ ಬಂತು. ಶಾಮಿಯಾನ ಹಾಕಿದರು, ಕುರ್ಚಿ ತಂದರು, ಹೂವು ತಂದರು, ಚಟ್ಟ ಕಟ್ಟಿದರು. ಹೆಗಲು ಕೊಡಲು ನಾ ಮುಂದು ತಾ ಮುಂದು ಎಂದರು. ಮಧ್ಯಾಹ್ನ ಎಲ್ಲ ಮುಗಿಸಿ ಬಂದು, ಕೈಮುಗಿದು, ತಂತಮ್ಮ ಮನೆಗೆ ಹೋದರು. ಸಾವಿನ ಮನೆಯ ಅಡುಗೆ ಮೂಲೆಮನೆಯದು. ಮೂಲೆಮನೆಯಲ್ಲೇ ಸಾವಾದರೆ ಯಾರದು ಎಂದು ಆ ಬಡಾವಣೆ ಒಂದು ದಿನವೂ ಯೋಚಿಸಿರಲಿಲ್ಲ.

ಅವಳು ತಲೆಗೆ ನೀರು ಹಾಕಿಕೊಂಡು ಬಂದು ಜಗಲಿಯಲ್ಲಿ ಕುಳಿತಳು. ಒಳಗೆ ಬೇರೆ ಊರಿನಿಂದ ಬಂದ ಗಂಡನ ಕಡೆಯವರು, ಅವರ ಸಣ್ಣ ಮಕ್ಕಳು. ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಅವಳ ಕಿವಿಯೆಲ್ಲ ಗೇಟಿನ ಕಡೆಗಿತ್ತು. ಎಡಮನೆಯಲ್ಲಿ ಕುಕ್ಕರ್ ಕೂಗಿತು. ಬಲಮನೆಯಿಂದ ಒಗ್ಗರಣೆಯ ವಾಸನೆ ಬಂತು. ಗೇಟು ಸದ್ದು ಮಾಡಲಿಲ್ಲ.

ಹೊತ್ತು ಇಳಿಯುವಾಗ ಯಾರೋ ಬಂದು ಗೇಟಿನಾಚೆ ನಿಂತರು. ದರ್ಜಿಯ ಹೆಂಡತಿ. ಈಗ ಅವಳ ತಲೆಯಲ್ಲೂ ಬಿಳಿ ಕೂದಲು. ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ಪಾತ್ರೆ. ಚಿಲಕದ ಮೇಲೆ ಕೈಯಿಟ್ಟು ಜಗಲಿಯ ಕಡೆ ನೋಡಿದಳು.

ಬಾ ಎಂದರೆ ಸಾಕಿತ್ತು. ಮೂಲೆಮನೆಯವಳು ಬಾಯಿ ತೆರೆದಳು. ಎಷ್ಟೋ ಮನೆಗಳಿಗೆ ಉಣ್ಣಿ ಉಣ್ಣಿ ಎಂದು ಒತ್ತಾಯ ಮಾಡಿದ್ದ ಬಾಯಿ ಅದು. ನಮಗೆ ಹಸಿವಾಗಿದೆ ಎಂದು ಹೇಳಿ ಅದಕ್ಕೆ ರೂಢಿಯಿರಲಿಲ್ಲ. ದರ್ಜಿಯ ಹೆಂಡತಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಟ್ಟೆಯ ಅಂಚು ಸರಿಮಾಡಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೋದಳು.

ದೀಪ ಹಚ್ಚುವ ವೇಳೆಗೆ ಒಳಗೆ ಮಗುವೊಂದು ಹಸಿದು ಅತ್ತಿತು. ಮೂಲೆಮನೆಯವಳು ಒದ್ದೆ ಕೂದಲಲ್ಲೇ ಎದ್ದು ಹೋಗಿ, ಗಂಡ ಸತ್ತ ದಿನ, ತನ್ನ ಒಲೆಯನ್ನು ತಾನೇ ಹಚ್ಚಿದಳು. ಅನ್ನ ಮಾಡಿದಳು, ಸಾರು ಮಾಡಿದಳು, ಎಲ್ಲರಿಗೂ ಬಡಿಸಿದಳು. ಕೊನೆಗೆ ತಾನೂ ಒಂದು ತುತ್ತು ಬಾಯಿಗಿಟ್ಟಳು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಅವಳು ಕತ್ತೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಯಾರೂ ಏನೂ ಅನ್ನದೆ ಉಣ್ಣುತ್ತಿದ್ದರು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯೆಯ ಕಣ್ಣು ತುಂಬಿತ್ತು. "ಎಂಥ ಜನ ಗುರುಗಳೇ! ಅಷ್ಟು ವರ್ಷ ಅವಳ ಕೈಯ ಅನ್ನ ಉಂಡವರು. ಆ ದರ್ಜಿಯ ಹೆಂಡತಿಯಾದರೂ ನಾಲ್ಕು ಹೆಜ್ಜೆ ಒಳಗೆ ಬರಬಾರದಿತ್ತೇ?" ಎಂದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದಳು, "ಏ ಹುಡುಗಿಯರೇ, ಸಾರಿನ ತಂಟೆಗೆ ಹೋಗಬೇಡಿ, ನಾನೇ ಬಂದು ನೋಡುತ್ತೇನೆ!"

ಗುರುಗಳು ಅವಳ ಸೋತ ಕೈಗಳನ್ನು ನೋಡಿದರು.

"ಇವತ್ತು ಅವರೇ ಉಪ್ಪು ಹಾಕಲಿ, ನೀನು ರುಚಿ ನೋಡದೆ ಊಟಕ್ಕೆ ಕೂತುಕೋ ತಾಯಿ" ಎಂದರು.

ಏಳಲು ನೆಲಕ್ಕೆ ಊರಿದ್ದ ಕೈಯನ್ನು ಶಿಷ್ಯೆ ಮೆಲ್ಲಗೆ ಮಡಿಲಿಗೆ ತೆಗೆದುಕೊಂಡಳು.