ಮೈಕ್ ಇಟ್ಟ ಕುರ್ಚಿ

"ಗುರುಗಳೇ, ಕೇಳುವ ಮನಸ್ಸೇ ಇಲ್ಲದವರಿಗೆ ಎಷ್ಟು ದಿನ ಹೇಳಬೇಕು?"

ಕೇಳಿದವನು ಉಮಾಪತಿ. ಆಶ್ರಮದಲ್ಲಿ ಸಂಜೆಯ ಪಾಠ ಹೇಳುವ ಕೆಲಸವನ್ನು ಗುರುಗಳು ಆ ವರ್ಷ ಅವನಿಗೆ ವಹಿಸಿದ್ದರು. ಊರಿನ ಜನ ದಿನದ ಕೆಲಸ ಮುಗಿಸಿ ಬಂದು ಕೇಳುತ್ತಿದ್ದರು. ಸೊಪ್ಪು ಮಾರುವ ಪುಟ್ಟನಂಜಮ್ಮ ಎಂಬ ಹೆಂಗಸು ದಿನವೂ ಬಂದು ಹಿಂದಿನ ಸಾಲಿನ ಚಾಪೆಯ ಮೇಲೆ ಕೂರುತ್ತಿದ್ದಳು, ದಿನವೂ ಪಾಠದ ನಡುವೆ ಎದ್ದು ಹೋಗುತ್ತಿದ್ದಳು.

"ಆಕೆ ಎದ್ದರೆ ಇನ್ನೂ ಇಬ್ಬರು ಏಳುತ್ತಾರೆ," ಎಂದ ಉಮಾಪತಿ. "ಗಟ್ಟಿಯಾಗಿ ಹೇಳಿ ನೋಡಿದೆ. ಉದಾಹರಣೆ ಹೆಚ್ಚಿಸಿ ನೋಡಿದೆ. ಏನೂ ಪ್ರಯೋಜನವಿಲ್ಲ. ನಾಳೆಯಿಂದ ಬರಬೇಡಿ ಎಂದು ಹೇಳಿಬಿಡಲೇ?"

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕುಳಿತಿದ್ದರು. ಕೈ ನಿಲ್ಲಿಸಲಿಲ್ಲ.

"ಹೇಳುವೆಯಂತೆ, ಅವಸರವೇನು? ಮೊದಲು ಒಂದು ಕತೆ ಕೇಳು. ನೀನೂ ನಡುವೆ ಎದ್ದು ಹೋಗಬೇಡ," ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದ. ಅವನಿಗೂ ಅವನ ಹೆಂಡತಿಗೂ ಸಿನಿಮಾ ಎಂದರೆ ಪ್ರಾಣ. ಮದುವೆಯಾದ ಹೊಸದರಲ್ಲಿ ಇಬ್ಬರೂ ಊರಾಚೆಯ ಟೆಂಟಿಗೆ ಹೋಗಿ, ಮರಳು ಗುಡ್ಡೆ ಮಾಡಿಕೊಂಡು, ಅದರ ಮೇಲೆ ಕುಳಿತು ಸಿನಿಮಾ ನೋಡುತ್ತಿದ್ದರು. ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಅಷ್ಟೂ ಮಾತುಗಳನ್ನು ಪಾತ್ರದವರ ಹಾಗೆಯೇ ಒಪ್ಪಿಸುತ್ತಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಕಾಲ ಕಳೆಯಿತು. ಟೆಂಟು ಹೋಯಿತು, ವ್ಯಾಪಾರ ಬೆಳೆಯಿತು, ಮನೆಯಲ್ಲಿ ಮಾತು ಕಡಿಮೆಯಾಯಿತು. ಊಟಕ್ಕೆ ಬನ್ನಿ, ಬಂದೆ, ಉಪ್ಪು ಸಾಕಾ, ಸಾಕು. ಅಷ್ಟೇ. ಜಗಳವಿರಲಿಲ್ಲ. ಜಗಳವಾಡುವುದಕ್ಕೂ ಇಬ್ಬರು ಒಂದು ಕಡೆ ಕೂರಬೇಕಲ್ಲ.

ವ್ಯಾಪಾರಿಗೆ ಇದು ನೋವು ಕೊಡುತ್ತಿತ್ತು. ಹೆಂಡತಿ ಮತ್ತೆ ತನ್ನೊಡನೆ ಕೂತು ಸಿನಿಮಾ ನೋಡಬೇಕು, ಮತ್ತೆ ಮಾತು ಒಪ್ಪಿಸಬೇಕು ಎಂದು ಆಸೆಪಟ್ಟ. ಆಸೆ ಒಳ್ಳೆಯದೇ. ಆದರೆ ವ್ಯಾಪಾರಿಗೆ ಆಸೆ ಹುಟ್ಟಿದರೆ ಅವನ ಕಾಲು ಅಂಗಡಿಯ ಕಡೆಗೇ ನಡೆಯುತ್ತದೆ. ಅವನು ದೊಡ್ಡ ಟಿವಿ ತಂದ. ಅದರ ಜೊತೆಗೆ ಹೋಮ್ ಥಿಯೇಟರ್ ಸ್ಪೀಕರುಗಳನ್ನು ತಂದ. ಮುಂದೆ ಮೂರು, ಹಿಂದೆ ಎರಡು, ಮೂಲೆಯಲ್ಲಿ ಗುಡುಗುವುದಕ್ಕೆಂದೇ ಒಂದು.

ಜೋಡಿಸಲು ಬಂದ ಕೆಲಸದವನು ಒಂದು ಸಣ್ಣ ಮೈಕ್ ಹೊರತೆಗೆದು ಕೇಳಿದ:

"ಎಲ್ಲಿ ಕೂತ್ಕೊಂಡು ನೋಡ್ತೀರಿ ಸಾರ್? ಈ ಮೈಕ್ ಇಟ್ಟ ಜಾಗಕ್ಕೆ ಸರಿಯಾಗಿ ಸೌಂಡ್ ಸೆಟ್ ಆಗತ್ತೆ. ಬೇಕಿದ್ರೆ ನಾಕೈದು ಕಡೆ ಇಟ್ಟು ನೋಡ್ಬಹುದು."

"ನಾಕೈದು ಯಾಕಪ್ಪ? ಇಲ್ಲಿಡು," ಎಂದು ವ್ಯಾಪಾರಿ ತನ್ನ ಒರಗು ಕುರ್ಚಿ ತೋರಿಸಿದ.

ಕುರ್ಚಿಯ ಮೇಲೆ ಮೈಕ್ ಕುಳಿತಿತು. ಒಂದೊಂದು ಸ್ಪೀಕರೂ ಸರದಿಯಂತೆ ಬುಸ್ಸೆಂದಿತು. ಮೈಕ್ ಕೇಳಿಸಿಕೊಂಡಿತು. ಕುರ್ಚಿಗೆ ಹತ್ತಿರವಿದ್ದ ಸ್ಪೀಕರ್ ತನ್ನ ದನಿ ತಗ್ಗಿಸಿಕೊಂಡಿತು, ದೂರವಿದ್ದದ್ದು ಏರಿಸಿಕೊಂಡಿತು. ಕೆಲಸದವನು ಹೋದ ಮೇಲೆ ವ್ಯಾಪಾರಿ ಕುರ್ಚಿಯಲ್ಲಿ ಕುಳಿತು ಒಂದು ಹಳೆಯ ಸಿನಿಮಾ ಹಾಕಿದ. ಪಿಸುಮಾತು ಕೂಡ ಕಿವಿಯಲ್ಲೇ ಹೇಳಿದಂತೆ ಕೇಳಿಸಿತು. ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿಯನ್ನು ಕೂಗಿ ಕರೆದ.

ಅವಳು ಬಂದಳು. ಅಡುಗೆಮನೆಯ ಬಾಗಿಲ ಬಳಿ, ಒಲೆಯ ಮೇಲಿನ ಹಾಲು ಕಾಣುವ ಹಾಗೆ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಅದು ಅವಳ ಜಾಗ. ಅಕ್ಕಿ ಆರಿಸುವುದು, ಹೂ ಕಟ್ಟುವುದು, ಬಂದವರ ಜೊತೆ ಮಾತಾಡುವುದು, ಎಲ್ಲವೂ ಅಲ್ಲೇ. ಸ್ವಲ್ಪ ಹೊತ್ತು ನೋಡಿದಳು.

"ಮಾತೇ ಕೇಳಿಸ್ತಿಲ್ವಲ್ರೀ," ಎಂದಳು.

ವ್ಯಾಪಾರಿ ರಿಮೋಟ್ ಎತ್ತಿ ಶಬ್ದ ಹೆಚ್ಚು ಮಾಡಿದ. ಹೆಂಡತಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು.

ಮರುದಿನವೂ ಹಾಗೆಯೇ. ಕೇಳಿಸುತ್ತಿಲ್ಲ ಎಂದಳು, ಇವನು ಹೆಚ್ಚು ಮಾಡಿದ, ಅವಳು ಎದ್ದು ಹೋದಳು. ಇಷ್ಟು ಗಟ್ಟಿಯಾಗಿ ಇಟ್ಟರೂ ಕೇಳಿಸುವುದಿಲ್ಲ ಎನ್ನುತ್ತಾಳಲ್ಲ, ಇದು ಕಿವಿಯ ವಿಷಯವಲ್ಲ, ಮನಸ್ಸಿನ ವಿಷಯ ಎಂದು ವ್ಯಾಪಾರಿ ತೀರ್ಮಾನಿಸಿದ. ಒಳ್ಳೆಯವನ ತಪ್ಪು ತಿದ್ದುವುದು ಕಷ್ಟ, ಉಮಾಪತಿ. ತನ್ನ ಒಳ್ಳೆಯತನವನ್ನೇ ಅವನು ಸಾಕ್ಷಿಗೆ ಕರೆಯುತ್ತಾನೆ. ಒಂದು ಸಂಜೆ ಅವಳು ಏಳುವಾಗ ವ್ಯಾಪಾರಿಯ ಬಾಯಿಂದ ಮಾತು ಬಂದೇಬಿಟ್ಟಿತು:

"ನಿನಗೋಸ್ಕರ ತಂದೆನಲ್ಲ, ನನ್ನ ಬುದ್ಧಿಗೆ ಹೇಳ್ಬೇಕು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!"

ಹೆಂಡತಿ ತಿರುಗಿ ನೋಡಿದಳು. ಮರುದಿನದಿಂದ ಆ ಬಾಗಿಲ ಬಳಿಗೂ ಬರಲಿಲ್ಲ.

ಇಲ್ಲಿ ಉಮಾಪತಿಗೆ ತಡೆಯಲಾಗಲಿಲ್ಲ. "ಅಷ್ಟೆಲ್ಲ ಮಾಡಿದವನಿಗೆ ಬೇಜಾರಾಗುವುದಿಲ್ಲವೇ ಗುರುಗಳೇ?"

"ಆಗುತ್ತದೆ. ನಿನಗೂ ಆಗಿದೆ. ಮುಂದೆ ಕೇಳು," ಎಂದರು ಗುರುಗಳು.

ವ್ಯಾಪಾರಿಯ ಬಳಿ ಒಂದು ಹಳೆಯ ಕ್ಯಾಮೆರಾ ಇತ್ತು. ಅದರ ಲೆನ್ಸ್ ಮುಂದಕ್ಕೆ ಚಾಚುತ್ತಿತ್ತು, ಹಿಂದಕ್ಕೆ ಸರಿಯುತ್ತಿತ್ತು. ಕುರ್ಚಿಯಲ್ಲಿ ಕೂತೇ ದೂರದವರನ್ನು ಹತ್ತಿರಕ್ಕೆ ಎಳೆದುಕೊಳ್ಳಬಹುದಾಗಿತ್ತು. ಮನೆಯ ಹಬ್ಬ ಹುಣ್ಣಿಮೆಗಳ ಫೋಟೋಗಳನ್ನೆಲ್ಲ ಅವನು ಹಾಗೆಯೇ, ಎದ್ದು ನಿಲ್ಲುವ ಕಷ್ಟವಿಲ್ಲದೆ ತೆಗೆದಿದ್ದ. ಈಗ ಅದರ ಲೆನ್ಸಿನೊಳಗೆ ಬೂಷ್ಟು ಹಿಡಿದು, ಯಾರ ಮುಖ ತೆಗೆದರೂ ಮಜ್ಜಿಗೆಯಲ್ಲಿ ಅದ್ದಿದ ಹಾಗೆ ಬರುತ್ತಿತ್ತು. ಅವನು ಅದನ್ನು ಅಂಗಡಿಗೆ ಕೊಟ್ಟು ಬೇರೆ ಕ್ಯಾಮೆರಾ ತಂದ.

ಹೊಸದು ಮಬ್ಬು ಬೆಳಕಿನಲ್ಲೂ ಮುಖಗಳನ್ನು ಚೊಕ್ಕವಾಗಿ ಹಿಡಿಯುತ್ತಿತ್ತು. ಆದರೆ ಅದರ ಲೆನ್ಸ್ ಹಿಂದೆ ಮುಂದೆ ಸರಿಯುತ್ತಿರಲಿಲ್ಲ. ವ್ಯಾಪಾರಿ ಅಂಗಡಿಗೆ ಫೋನು ಮಾಡಿ ಕೂಗಾಡಿದ.

"ಇದು ಕೆಟ್ಟಿರೋದಲ್ಲ ಸಾರ್, ಇರೋದೇ ಹಂಗೆ," ಎಂದ ಅಂಗಡಿಯವನು. "ದೂರ ಬೇಕಂದ್ರೆ ನೀವೇ ಹಿಂದೆ ಹೋಗ್ಬೇಕು. ಹತ್ರ ಬೇಕಂದ್ರೆ ನೀವೇ ಹತ್ರ ಹೋಗ್ಬೇಕು."

ಹೆಚ್ಚು ಕೊಟ್ಟು ಕಡಿಮೆ ತಂದೆನಲ್ಲ ಎಂದು ವ್ಯಾಪಾರಿ ಗೊಣಗಿಕೊಂಡ.

ಆ ಭಾನುವಾರ ಅವನ ತಮ್ಮ ಸಂಸಾರಸಮೇತ ಬಂದಿದ್ದ. ಹೆಂಡತಿ ಒಳಗೆ ಕಾಫಿ ಮಾಡುತ್ತಿದ್ದಳು. ಉಳಿದವರೆಲ್ಲ ನಡುಮನೆಯಲ್ಲಿ ಕೂತು ಸಿನಿಮಾ ನೋಡುತ್ತಿದ್ದರು. ವ್ಯಾಪಾರಿಗೆ ಹೊಸ ಕ್ಯಾಮೆರಾದ ನೆನಪಾಯಿತು. ಟಿವಿ, ಸ್ಪೀಕರುಗಳು, ಮನೆಮಂದಿ ಎಲ್ಲ ಒಂದೇ ಫೋಟೋದಲ್ಲಿ ಬರಬೇಕು. ಸುಖ ಇದ್ದರೆ ಸಾಲದು, ಅದಕ್ಕೊಂದು ದಾಖಲೆಯೂ ಬೇಕು ನೋಡು. ಕುರ್ಚಿಯಲ್ಲಿ ಕೂತು ನೋಡಿದ. ಟಿವಿಯ ಅರ್ಧ ಬಂತು, ತಮ್ಮನ ಭುಜ ಬಂತು. ಎದ್ದ. ಹಿಂದಕ್ಕೆ ಸರಿದ. ಸ್ಪೀಕರ್ ಒಂದು ಹೊರಗುಳಿಯಿತು. ಇನ್ನೂ ಸರಿದ. ಬೆನ್ನು ಗೋಡೆಗೆ ತಾಗಿತು. ಈಗ ಫ್ಯಾನು ಅಡ್ಡ ಬಂತು. ಅವನು ಕೆಳಗೆ ಕುಳಿತ. ಅಲ್ಲಿಂದ ಎಲ್ಲವೂ ಕಂಡಿತು.

ಅವನು ಕುಳಿತದ್ದು ಅಡುಗೆಮನೆಯ ಬಾಗಿಲ ಬಳಿ, ಹೆಂಡತಿಯ ಜಾಗದಲ್ಲಿ.

"ಎಲ್ಲರೂ ಸ್ವಲ್ಪ ಈ ಕಡೆ ತಿರುಗಿ," ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಸಿನಿಮಾದಲ್ಲಿ ತಾಯಿಯೊಬ್ಬಳು ಮಗನ ಕೈ ಹಿಡಿದು ಏನೋ ಹೇಳತೊಡಗಿದಳು. ಅದು ಅವನಿಗೆ ಇಷ್ಟವಾದ ಘಟ್ಟ. ಕ್ಯಾಮೆರಾ ಇಳಿಸಿ ಕಿವಿಗೊಟ್ಟ. ತಾಯಿಯ ತುಟಿ ಅಲ್ಲಾಡುತ್ತಿತ್ತು. ಮಾತು ಬರಲಿಲ್ಲ. ಮರುಗಳಿಗೆ ಅವನ ನೆತ್ತಿಯ ಮೇಲೇ ಸಿಡಿಲು ಹೊಡೆಯಿತು. ಬೆಚ್ಚಿಬಿದ್ದು ತಲೆಯೆತ್ತಿ ನೋಡಿದ. ಹಿಂದಿನ ಸ್ಪೀಕರುಗಳಲ್ಲಿ ಒಂದು ಸರಿಯಾಗಿ ಅವನ ತಲೆಯ ಮೇಲಿತ್ತು. ಅವನ ಕುರ್ಚಿಗೆ ಎಲ್ಲಕ್ಕಿಂತ ದೂರವಾದದ್ದು ಅದೇ. ಅವನಿಗೆ ಕೇಳಿಸಲೆಂದು ಅದು ಅಷ್ಟು ಗಟ್ಟಿಯಾಗಿ ಕೂಗುತ್ತಿತ್ತು. ಮಾತು ಹೇಳುವ ಸ್ಪೀಕರ್ ಟಿವಿಯ ಕೆಳಗೆ, ಅವನ ಕುರ್ಚಿಗೆ ಮಾತ್ರ ತಲುಪುವಷ್ಟು ಮೆಲ್ಲಗೆ ಮಾತಾಡುತ್ತಿತ್ತು.

"ಮಾತೇ ಕೇಳಿಸ್ತಿಲ್ವಲ್ಲೋ!" ಎಂದು ತಮ್ಮನಿಗೆ ಕೂಗಿ ಹೇಳಿದ.

ಕುರ್ಚಿಯ ಬಳಿ ಕುಳಿತಿದ್ದ ತಮ್ಮ ಹಿಂದೆ ತಿರುಗಿಯೂ ನೋಡದೆ ರಿಮೋಟ್ ಎತ್ತಿ ಶಬ್ದ ಹೆಚ್ಚು ಮಾಡಿದ. ತಲೆಯ ಮೇಲೆ ಸಿಡಿಲು ಇಮ್ಮಡಿಯಾಯಿತು.

ಆಗ ವ್ಯಾಪಾರಿಗೆ ತಾನು ಆಡಿದ ಮಾತು ಯಾರದು ಎಂದು ಗೊತ್ತಾಯಿತು. ಹೆಂಡತಿ ಹೇಳಿದ್ದೂ ಅಕ್ಷರಕ್ಕೆ ಅಕ್ಷರ ಅದೇ. ತಾನು ಮಾಡಿದ್ದೂ ತಮ್ಮ ಈಗ ಮಾಡಿದ್ದೇ. ಕತ್ತೆ, ಕಸ್ತೂರಿ ಎಲ್ಲ ನೆನಪಾಯಿತು. ಅವನಿಗೆ ತುಂಬ ನಾಚಿಕೆಯಾಯಿತು. ಫೋಟೋ ತೆಗೆಯಲಿಲ್ಲ. ಎದ್ದು ಅಡುಗೆಮನೆಗೆ ಹೋದ.

"ಅಲ್ಲಿ ಕೂತ್ರೆ ಏನೂ ಕೇಳಲ್ಲ ಕಣೇ," ಎಂದ.

"ಅದನ್ನೇ ಅಲ್ವಾ ನಾನು ಹೇಳಿದ್ದು?"

"ಹೌದು. ಕತ್ತೆ ನಾನೇ."

ಅವಳು ನಗಲಿಲ್ಲ. ಒಂದು ಮಾತಿಗೆ ಕರಗುವಷ್ಟು ಸಣ್ಣ ನೋವಾಗಿರಲಿಲ್ಲ ಅದು. ಕಾಫಿಯ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. "ಹಿಡ್ಕೊಳ್ಳಿ, ಆರಿಹೋಗತ್ತೆ," ಎಂದಳು. ಅವನು ಹಿಡಿದುಕೊಂಡು ಹೋಗಿ ಎಲ್ಲರಿಗೂ ಕೊಟ್ಟ.

ಮರುದಿನ ಸ್ಪೀಕರಿನವನನ್ನು ಮತ್ತೆ ಕರೆಸಿದ. ಕೆಲಸದವನು ಮೈಕ್ ತೆಗೆದುಕೊಂಡು ನೇರವಾಗಿ ಒರಗು ಕುರ್ಚಿಯ ಕಡೆ ಹೊರಟ. ವ್ಯಾಪಾರಿ ತಡೆದ.

"ಅಲ್ಲಲ್ಲ. ಇಲ್ಲಿಡು. ನೆಲದ ಮೇಲೆ ಕೂತವರ ಕಿವಿಯ ಎತ್ತರಕ್ಕೆ," ಎಂದು ಬಾಗಿಲ ಬಳಿ ತೋರಿಸಿದ.

ಮೈಕ್ ಅಲ್ಲಿ ಕುಳಿತಿತು. ಸ್ಪೀಕರುಗಳು ಮತ್ತೆ ಬುಸ್ಸೆಂದವು. ತಲೆಯ ಮೇಲಿನದು ತಗ್ಗಿತು, ಮಾತಿನದು ಏರಿತು. ಆ ದಿನದಿಂದ ಕುರ್ಚಿಯಲ್ಲಿ ಶಬ್ದ ಮೊದಲಿನಷ್ಟು ಚೆನ್ನಾಗಿರಲಿಲ್ಲ. ವ್ಯಾಪಾರಿ ಕುರ್ಚಿ ಬಿಟ್ಟು ನೆಲಕ್ಕೆ ಬಂದ.

ಹೆಂಡತಿ ಕೂಡಲೇ ಬರಲಿಲ್ಲ. ಅವನೂ ಕರೆಯಲಿಲ್ಲ. ಅವಳ ಜಾಗ ಬಿಟ್ಟು ಅದರ ಪಕ್ಕದಲ್ಲಿ ಕೂತು ದಿನವೂ ಸಿನಿಮಾ ನೋಡಿದ. ಅವಳು ಅಡುಗೆಮನೆಯಲ್ಲೇ ಇರುತ್ತಿದ್ದಳು. ಆದರೆ ಈಗ ಮಾತು ಅಡುಗೆಮನೆಗೂ ಹೋಗುತ್ತಿತ್ತು. ಒಂದು ಸಂಜೆ ಅವರು ಟೆಂಟಿನಲ್ಲಿ ನೋಡಿದ್ದ ಸಿನಿಮಾ ಬಂತು. ಪರದೆಯ ಮೇಲೆ ಒಬ್ಬ ಮುದುಕ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವನ ಮಾತು ಬಂತು. ಹೆಂಡತಿಯ ದನಿ. ವ್ಯಾಪಾರಿ ಉಸಿರು ಹಿಡಿದು ಕೂತ. ಮುಂದಿನ ಮಾತಿಗೆ ಅವಳು ಬಾಗಿಲಲ್ಲಿದ್ದಳು. ಅದರ ಮುಂದಿನದಕ್ಕೆ ಅವನ ಪಕ್ಕದಲ್ಲಿ ಕೂತು, ಮುದುಕನ ಹಾಗೆಯೇ ಕೊಂಕು ಬಾಯಿ ಮಾಡಿ ಒಪ್ಪಿಸುತ್ತಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು.

ಆ ಮುಖ ಬೇಕು ಎಂದು ಅವನು ಕ್ಯಾಮೆರಾ ಎತ್ತಿಕೊಂಡ. ಅದು ಅವಳನ್ನು ಎಳೆದು ತರುವ ಕ್ಯಾಮೆರಾ ಅಲ್ಲ. ಹತ್ತಿರ ಬೇಕಾದರೆ ಅವನೇ ಹತ್ತಿರ ಹೋಗಬೇಕಿತ್ತು. ಹೋದ.

ಗುರುಗಳು ಕತೆ ನಿಲ್ಲಿಸಿದರು. ಹುಣಸೆಬೀಜಗಳನ್ನು ಒಂದು ಕಡೆ ರಾಶಿ ಮಾಡಿದರು.

ಉಮಾಪತಿಯ ಮುಖ ಅರಳಿತ್ತು. "ತಿಳಿಯಿತು ಗುರುಗಳೇ!" ಎಂದ. "ಪುಟ್ಟನಂಜಮ್ಮನಿಗೆ ಬರಬೇಡಿ ಎನ್ನುವುದಿಲ್ಲ. ನಾಳೆಯಿಂದ ಪಾಠವನ್ನು ಇನ್ನೂ ಸರಳವಾಗಿ, ಇನ್ನೂ ಬಿಡಿಸಿ ಬಿಡಿಸಿ ಹೇಳುತ್ತೇನೆ. ಆಕೆಗಾಗಿ ಇನ್ನೆರಡು ಕತೆ ಸೇರಿಸುತ್ತೇನೆ."

ಗುರುಗಳು ಅವನನ್ನೇ ನೋಡಿದರು.

"ಮತ್ತೆ ರಿಮೋಟ್ ಎತ್ತಿದೆಯಲ್ಲೋ, ಮೊದಲು ಹೋಗಿ ಆಕೆಯ ಚಾಪೆಯ ಮೇಲೆ ಕುಳಿತುಕೋ," ಎಂದರು.

ಉಮಾಪತಿ ಎದ್ದು ಹಿಂದಿನ ಸಾಲಿನ ಚಾಪೆಯ ಕಡೆ ನಡೆದ.