ತೊಟ್ಟಿಲ ಪದದ ಕೊನೆಯ ನುಡಿ

ಮಹಾನವಮಿ ಕಳೆದು ಇನ್ನೂ ತೋರಣ ಒಣಗುತ್ತಿದ್ದ ದಿನಗಳು. ಆಚೆ ದಂಡೆಯಿಂದ ಒಂದು ಹರಿಗೋಲು ಬಂದು ಆಶ್ರಮದ ಮೆಟ್ಟಿಲಿಗೆ ತಾಗಿತು. ಇಳಿದವಳು ನೀಲವ್ವ, ಊರೂರು ತಿರುಗಿ ತತ್ವಪದ ಹಾಡುವವಳು.

ಸಂಗಯ್ಯಜ್ಜ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ಆ ಆಶ್ರಮಕ್ಕೆ ಅವರೇ ಗುರು.

"ಏನವ್ವಾ ನೀಲವ್ವ, ಮಾರಿ ಬಾಡೇತಿ?"

"ರುದ್ರವ್ವ ಹಾಸಿಗಿ ಹಿಡದಾಳ್ರಿ ಅಜ್ಜಾರ. ಮಾತು ನಿಂತೈತಿ."

ರುದ್ರವ್ವ ಅಂದರೆ ನೀಲವ್ವನಿಗೆ ಹಾಡು ಕಲಿಸಿದವಳು. ಈ ಹೊಳೆಯ ಎರಡೂ ದಂಡೆಗೆ ಅವಳ ದನಿ ಗೊತ್ತಿತ್ತು.

"ಕೈಲೆ ತೊಟ್ಟಿಲ ತೂಗಿದಂಗ ಮಾಡಿ ತೋರಸ್ತಾಳ್ರಿ. ತೊಟ್ಟಿಲ ಪದ ಹಾಡು ಅಂತ."

"ಹಾಡಿದ್ಯೋ ಇಲ್ಲೋ?"

"ನಾಕು ನುಡಿ ಹಾಡಿದೆ. ಕಡೀದು ನನಗ ಬರೂದಿಲ್ರಿ. ಅದನ್ನ ಯಾವಾಗಲೂ ಅಕೀನ ಹಾಡ್ತಿದ್ಲು. ನಾವು ಸುಮ್ಮನ ಏಕತಾರಿ ಹಿಡೀತಿದ್ವಿ, ಲಕ್ಷ್ಯ ಎಲ್ಲಾ ತಂತಿ ಮ್ಯಾಲೆ, ಮಾತಿಗೆ ಕಿವಿ ಕೊಡಲಿಲ್ಲ."

ಅವರ ಮೇಳದ ಪದ್ಧತಿಯೇ ಹಾಗೆ. ಕೊನೆಯ ನುಡಿ ಕಲಿಸಿದವರ ಬಾಯಲ್ಲೇ ಬರಬೇಕು.

ತೊಟ್ಟಿಲ ಪದದ ಮೊದಲ ನಾಲ್ಕು ನುಡಿಯೂ ಬರೀ ಪ್ರಶ್ನೆ. ತೊಟ್ಟಿಲು ಕೆತ್ತಿದವರ್ಯಾರು, ಹಗ್ಗ ಹೊಸೆದವರ್ಯಾರು, ತೂಗುವವರ್ಯಾರು, ಒಳಗೆ ಮಲಗಿದವರ್ಯಾರು. ಉತ್ತರ ಬರುವುದು ಕೊನೆಯ ನುಡಿಯಲ್ಲಿ.

"ಪ್ರಶ್ನೆ ಕೇಳಿ ಎದ್ದು ಬಂದೀನ್ರಿ ಅಜ್ಜಾರ," ಅಂದಳು ನೀಲವ್ವ. "ಅಕಿ ಕಣ್ಣ ಬಿಟ್ಕೊಂಡು ಉತ್ತರ ಕಾಯಾಕತ್ತಾಳ. ಇವತ್ತಿನ ರಾತ್ರಿ ದಾಟೂದು ಕಷ್ಟ ಅಂದಾರ ಡಾಕ್ಟರು."

ಅಜ್ಜ ಒಳಗೆ ಮುಖ ಮಾಡಿ ಕೂಗಿದರು. "ನಿರುಪಾದಿ."

ನಿರುಪಾದಿ ಬಂದ. ಆಶ್ರಮ ಸೇರುವ ಮೊದಲು ಶಹರದಲ್ಲಿ ಕಂಪ್ಯೂಟರ್ ಕಲಿತವನು. ಭಕ್ತರೊಬ್ಬರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಹಳೆಯ ಹಾಡುಗಾರರ ಪದಗಳನ್ನೆಲ್ಲ ಅವರ ದನಿಯಲ್ಲೇ ಹಿಡಿದಿಟ್ಟವನೂ ಅವನೇ. ಕೆಟ್ಟದ್ದು ಯಾವುದೇ ಇರಲಿ, ತಾನು ಕೈ ಹಾಕಿದರೆ ಎದ್ದು ಕೂರುತ್ತದೆ ಎಂದು ಅವನಿಗೆ ಬಲವಾದ ನಂಬಿಕೆ.

ವಿಷಯ ಕೇಳಿ ಅವನು ನಕ್ಕ.

"ಇಷ್ಟಕ್ಕ ಯಾಕ ಅಳ್ತೀರಿ ಅಕ್ಕಾರ? ರುದ್ರವ್ವನ ಪದ ಎಲ್ಲಾ ನನ್ನ ಕಡೆ ಅದಾವ. ಚಾ ಆರೂದರಾಗ ಕೇಳಸ್ತೀನಿ, ಕುಂದರ್ರಿ."

ಅವನು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಅದು ರೇಷ್ಮೆಯ ತುಂಡಿನಲ್ಲಿ ಸುತ್ತಿಕೊಂಡಿತ್ತು. ಬಿಚ್ಚಿದರೆ ಮುಚ್ಚಳದ ಮೇಲೆ ವಿಭೂತಿಯ ಪಟ್ಟೆ, ಒಂದು ಒಣಗಿದ ಚೆಂಡುಹೂವು. ಹಬ್ಬದ ಆಯುಧ ಪೂಜೆ ನಿರುಪಾದಿಯ ಪಾಲಿನದೇ. ಈ ಸಲ ಅವನು ಕೊಡಲಿಯಿಂದ ಲ್ಯಾಪ್‌ಟಾಪಿನವರೆಗೆ ಯಾವ ಹತ್ಯಾರವನ್ನೂ ಬಿಟ್ಟಿರಲಿಲ್ಲ.

ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ಮಳೆಗಾಲದಲ್ಲೇ ಕೆಟ್ಟಿತ್ತು. ಹೆಡ್‌ಫೋನ್ ಹಾಕಿಕೊಂಡರೆ ಮಾತ್ರ ಕೇಳುವುದು. ಮೊಬೈಲ್ ಇಟ್ಟುಕೊಳ್ಳುವ ರೂಢಿ ಆಶ್ರಮದಲ್ಲಿಲ್ಲ. ನೀಲವ್ವನ ಹತ್ತಿರವೂ ಇರಲಿಲ್ಲ.

ನಿರುಪಾದಿ ಹೆಡ್‌ಫೋನಿನ ಪಿನ್ನು ಚುಚ್ಚಿದ. ಪದ ಹುಡುಕಿ ಒತ್ತಿದ.

ಏನೂ ಕೇಳಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು. ಹೆಡ್‌ಫೋನ್ ಇಲ್ಲವಂತೆ.

ಕಿತ್ತು ಮತ್ತೆ ಚುಚ್ಚಿದ. ಇಲ್ಲವಂತೆ. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದ. ಆಗಲೂ ಇಲ್ಲವಂತೆ.

ಅವನು ಕಟ್ಟೆಗೆ ಬಂದ.

"ಅಜ್ಜಾರ, ಹೆಡ್‌ಫೋನ್ ಹಚ್ಚೀನಿ. ಲ್ಯಾಪ್‌ಟಾಪು ಹಚ್ಚೇ ಇಲ್ಲ ಅಂತೈತಿ."

"ಇಬ್ಬರಾಗ ಯಾರು ಖರೆ?"

"ನಾನ ಖರೆ. ಕಣ್ಣಿಗೆ ಕಾಣ್ತೈತಲ್ರಿ."

"ಅದಕ್ಕ ಕಣ್ಣಿಲ್ಲ," ಅಂದರು ಅಜ್ಜ, ಇನ್ನೊಂದು ಶೇಂಗಾ ಒಡೆಯುತ್ತ. "ಸುಳ್ಳು ಹೇಳಿ ಅದಕ್ಕೇನು ಸಿಗಬೇಕು?"

ನಿರುಪಾದಿ ತಲೆ ಕೆರೆದುಕೊಂಡು ಒಳಗೆ ಹೋದ. ಅಡುಗೆಮನೆಯಲ್ಲಿ ಒಂದು ಸಣ್ಣ ರೇಡಿಯೋ ಇತ್ತು. ಹೆಡ್‌ಫೋನನ್ನು ಅದಕ್ಕೆ ಸಿಕ್ಕಿಸಿ ನೋಡಿದ. ಮುಖ ಅರಳಿಸಿಕೊಂಡು ವಾಪಸು ಬಂದ.

"ಹೆಡ್‌ಫೋನ್ ಗಟ್ಟಿ ಐತ್ರಿ ಅಜ್ಜಾರ. ರೇಡಿಯೋದಾಗ ಪ್ಯಾಟಿ ಧಾರಣಿ ಹೇಳಾಕತ್ತಿದ್ರು, ಚಂದ ಕೇಳ್ತು."

"ಹೌದಾ? ಶೇಂಗಾದ ಧಾರಣಿ ಏನಂತ?"

"ಅದನ್ನ ಯಾರು ಕೇಳ್ಯಾರ್ರಿ? ಶಬ್ದ ಬರ್ತೈತೋ ಇಲ್ಲೋ ಅಷ್ಟ ನೋಡಿದೆ."

"ಹೂಂ," ಅಂದರು ಅಜ್ಜ.

ತಪ್ಪು ಹೆಡ್‌ಫೋನಿನದಲ್ಲ. ಹಾಗಾದರೆ ಲ್ಯಾಪ್‌ಟಾಪಿನದು. ನಿರುಪಾದಿ ಮತ್ತೆ ಅದರ ಮುಂದೆ ಪದ್ಮಾಸನ ಹಾಕಿದ. ಶಬ್ದದ ಸೆಟ್ಟಿಂಗುಗಳನ್ನು ಒಂದೊಂದೇ ತೆರೆದ. ಮುಚ್ಚಿದ್ದನ್ನು ಬಿಚ್ಚಿದ, ಬಿಚ್ಚಿದ್ದನ್ನು ಮುಚ್ಚಿದ. ಶಬ್ದ ನಡೆಸುವ ಡ್ರೈವರನ್ನೇ ಕಿತ್ತು ಹೊಸದಾಗಿ ಕೂರಿಸಿದ. ಪಿನ್ನನ್ನು ಹೆಬ್ಬೆರಳಿಂದ ಅದುಮಿ ಹಿಡಿದ.

ಪರದೆ ತನ್ನ ಮಾತು ಬದಲಿಸಲಿಲ್ಲ.

ನೀಲವ್ವನ ಚಹಾ ಆರಿ ಕೆನೆ ಕಟ್ಟಿತ್ತು. ಅವಳು ಮೆಲ್ಲಗೆ ಕೇಳಿದಳು.

"ತಮ್ಮಾ, ಈ ಪದ ಹಿಡದಾಗ ನೀ ಎದುರಿಗೇ ಕುಂತಿದ್ದಿ. ನಿನಗೇನು ನೆನಪಿಲ್ಲೇನು? ಒಂದು ಸಾಲು ಹೇಳಿದ್ರ ಸಾಕು, ಮುಂದಿಂದು ನಾ ಹಿಡೀತೀನಿ."

ನಿರುಪಾದಿ ನೆನಪು ಮಾಡಿಕೊಂಡ. ಆ ದಿನ ಚೆನ್ನಾಗಿಯೇ ನೆನಪಿತ್ತು. ರುದ್ರವ್ವ ಹಾಡುತ್ತಿದ್ದಳು. ಅವನು ಪರದೆಯನ್ನು ನೋಡುತ್ತಿದ್ದ. ದನಿ ಏರಿದರೆ ಅಲ್ಲಿ ಹಸಿರು ಗೆರೆ ಏರುತ್ತದೆ, ಮಿತಿ ಮೀರಿದರೆ ಕೆಂಪಾಗುತ್ತದೆ. ಕೆಂಪಾಗದಂತೆ ಕಾಯುವುದೇ ಅವನ ಕೆಲಸವಾಗಿತ್ತು.

"ಪದ ಬಾಳ ಚಲೋ ಬಂದಿತ್ರಿ ಅಕ್ಕಾರ," ಅಂದ. "ಗೆರೆ ಒಮ್ಮೆನೂ ಕೆಂಪಾಗಿದ್ದಿಲ್ಲ."

"ಆಮ್ಯಾಲೆ ಒಮ್ಮೆರ ಕೇಳಿದ್ದಿಯೇನು?"

"ಕೆಡಬಾರದು ಅಂತ ಸುತ್ತಿ ಇಟ್ಟಿದ್ದೆ."

ನೀಲವ್ವ ಅಜ್ಜನ ಕಡೆ ನೋಡಿದಳು.

"ಅವತ್ತು ನಾ ಇಲ್ಲಿದ್ದಿಲ್ಲವ್ವಾ," ಅಂದರು ಅಜ್ಜ.

ಹೊಳೆಯ ಕಡೆಯಿಂದ ಅಂಬಿಗ ಯಂಕಪ್ಪ ಕೂಗಿದ. ಹೊತ್ತು ಇಳಿಯಲಿಕ್ಕೆ ಬಂತು, ಸೆಳವು ಜೋರಿದೆ, ಕತ್ತಲಾದ ಮೇಲೆ ಹುಟ್ಟು ಹಾಕುವುದಿಲ್ಲ ಎಂದ.

ನಿರುಪಾದಿ ಲ್ಯಾಪ್‌ಟಾಪನ್ನು ಮಡಚಿದ.

"ಒಳಗ ಬೋರ್ಡ್ ಹೋಗೈತಿ. ಶಹರಕ್ಕ ಒಯ್ದು ತೋರಸಬೇಕು. ನಾಳೆ ಮುಂಜಾನೆ ಮೊದಲ ಬಸ್ಸಿಗೇ ಹೊಕ್ಕೀನ್ರಿ."

"ನಾಳೆ ಬಾ ಅಂತ ಸಾವಿಗೆ ಹೇಳಲೇನು?" ಅಂದಳು ನೀಲವ್ವ.

ಅವನು ಹೆಡ್‌ಫೋನಿನ ತಂತಿ ಸುತ್ತತೊಡಗಿದ.

"ನಿರುಪಾದಿ," ಅಂದರು ಅಜ್ಜ. "ನೀಲವ್ವಗ ಇನ್ನೊಂದು ಚಾ ಕಾಸಬೇಕು. ಕಟ್ಟಿಗಿ ಇಲ್ಲ. ಎರಡು ಸೀಳು."

"ಈಗೇನ್ರಿ?"

"ಈಗ."

ನಿರುಪಾದಿ ಹೋಗಿ ಕೊಡಲಿ ಎತ್ತಿದ. ಒಳಗಿನ ಸಿಟ್ಟನ್ನೆಲ್ಲ ಕೊರಡಿನ ಮೇಲೆ ಹಾಕಿದ. ಎರಡು ಕೇಳಿದರೆ ಒಂದು ಹೊರೆಯಾಯಿತು.

"ಸಾಕೋ ಮಾರಾಯ. ಇಲ್ಲಿ ತಾ ಅದನ್ನ."

ಅಜ್ಜ ಕೊಡಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದರು.

"ಹಬ್ಬದಾಗ ಇದಕ್ಕ ಗಂಧ ಹಚ್ಚಿದ್ದಿಲ್ಲೇನು?"

"ಹಚ್ಚಿದ್ನಲ್ರಿ."

"ಎಲ್ಲಿ ಹಚ್ಚಿದ್ದಿ?"

"ಅಲಗಿಗೇ. ನಮ್ಮಲ್ಲಿ ಪದ್ಧತಿ ಹಂಗ ಐತೆಲ್ರಿ. ಹತ್ಯಾರ ಎಲ್ಲಿಂದ ಕೆಲಸ ಮಾಡ್ತೈತೋ ಅಲ್ಲಿಗೇ ಗಂಧ."

"ಮತ್ತ ಕಾಣವಲ್ದು?"

"ಮರುದಿನಾನ ಕಟ್ಟಿಗಿ ಒಡದೆ. ಹೋತು."

"ಬೀಸುಕಲ್ಲಿಂದು?"

"ಕಾಳು ಹಾಕೂ ಬಾಯಿಗೆ ಹಚ್ಚಿದ್ದೆ. ಬೀಸೂಮುಂದ ಹಿಟ್ಟಿನಾಗ ಬಂತು. ರೊಟ್ಟಿ ಗಂಧ ನಾರತೈತಿ ಅಂತ ನೀವ ನಕ್ಕಿದ್ರಿ."

"ಹೌದು. ಎರಡು ರೊಟ್ಟಿ ಹೆಚ್ಚಿಗಿ ತಿಂದಿದ್ದೆ." ಅಜ್ಜ ಕೊಡಲಿಯನ್ನು ಪಕ್ಕಕ್ಕಿಟ್ಟರು. "ಮತ್ತ ಆ ನಿನ್ನ ಹತ್ಯಾರಕ್ಕ? ನನಗ ಅದರ ತಲಿ ಬಾಲ ಗೊತ್ತಾಗೂದಿಲ್ಲ. ಅದರಾಗ ಪದ ಎಲ್ಲಿಂದ ಹೊರಗ ಬರ್ತೈತಿ?"

ನಿರುಪಾದಿ ಉತ್ತರಕ್ಕೆ ಬಾಯಿ ತೆರೆದ.

ತೆರೆದ ಬಾಯಿ ಹಾಗೇ ಇತ್ತು. ಕಾಲು ಮಾತ್ರ ಓಡಿತು.

ಲ್ಯಾಪ್‌ಟಾಪನ್ನು ಬಿಸಿಲಿಗೆ ಓರೆ ಮಾಡಿ ಹಿಡಿದ. ಪಿನ್ನು ಹೋಗುವ ತೂತಿನ ತಳದಲ್ಲಿ ಹಳದಿ ಕಂಡಿತು. ಹಬ್ಬದ ದಿನ ಅವನೇ, ಕಿರುಬೆರಳ ತುದಿಯಲ್ಲಿ, ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ ಮೆತ್ತಿದ ಗಂಧ. ಒಣಗಿ ಕಲ್ಲಾಗಿತ್ತು. ಪಿನ್ನು ಅದಕ್ಕೆ ಬಡಿದು ಒಂದಿಷ್ಟು ಹೊರಗೇ ನಿಲ್ಲುತ್ತಿದ್ದುದನ್ನು ಅವನು ಇಡೀ ಮಧ್ಯಾಹ್ನ ನೋಡಿದ್ದ. ನೋಡಿಯೂ ಕಂಡಿರಲಿಲ್ಲ.

ಯಂತ್ರ ಹೇಳಿದ್ದು ಖರೆಯೇ ಆಗಿತ್ತು.

ಅವನು ಅದನ್ನು ಆರಿಸಿದ. ಕಸಬರಿಗೆಯಿಂದ ಒಂದು ಕಡ್ಡಿ ಮುರಿದ. ತೂತನ್ನು ನೆಲಕ್ಕೆ ಮುಖ ಮಾಡಿ ಹಿಡಿದು ಮೆಲ್ಲಗೆ, ಮೆಲ್ಲಗೆ ಕೆರೆದ. ಪುಡಿ ಉದುರಿತು. ಅವನು ಊದಿದ, ಮತ್ತೆ ಕೆರೆದ. ಪಡಸಾಲೆಯ ತುಂಬ ಗಂಧದ ವಾಸನೆ.

ಯಂಕಪ್ಪ ಇನ್ನೊಮ್ಮೆ ಕೂಗಿದ.

ನಿರುಪಾದಿ ಪಿನ್ನು ಚುಚ್ಚಿದ. ಟಕ್ ಎಂದಿತು. ಮಧ್ಯಾಹ್ನವೆಲ್ಲ ಆ ಸದ್ದು ಬಂದಿರಲಿಲ್ಲ, ಅದು ಬಂದಿಲ್ಲ ಎಂಬುದೂ ಅವನಿಗೆ ಈಗಲೇ ಗೊತ್ತಾದದ್ದು.

ಪರದೆ ಹೆಡ್‌ಫೋನನ್ನು ಒಪ್ಪಿಕೊಂಡಿತು.

ನೀಲವ್ವ ಸೆರಗಿನ ಮೇಲೆಯೇ ಅದನ್ನು ಕಿವಿಗೆ ಏರಿಸಿಕೊಂಡಳು. ಕಣ್ಣು ಮುಚ್ಚಿದಳು. ಅವಳ ಬೆರಳು ಇಲ್ಲದ ಏಕತಾರಿಯ ತಂತಿ ಮೀಟತೊಡಗಿತು. ಆಮೇಲೆ ಬೆರಳು ನಿಂತಿತು. ತುಟಿ ಅಲುಗಿತು.

ಕೊನೆಗೆ ಅವಳು ಹೆಡ್‌ಫೋನ್ ತೆಗೆದು ಅವನ ಕೈಗೆ ಕೊಟ್ಟಳು.

"ಇನ್ನೊಮ್ಮೆ ಕೇಳ್ರಿ ಅಕ್ಕಾರ. ಹಾದಿಯಾಗ ಮರೆತ್ರ ಹೆಂಗ?"

"ಕೇಳಿದ್ದು ಮರೆಯೂದಿಲ್ಲ ತಮ್ಮಾ," ಅಂದಳು. ಅಜ್ಜನಿಗೆ ಕೈ ಮುಗಿದು ಮೆಟ್ಟಿಲು ಇಳಿದಳು. ಎರಡನೆಯ ಚಹಾ ಕಾಸದೇ ಉಳಿಯಿತು.

ಹರಿಗೋಲು ಒಂದು ಸುತ್ತು ತಿರುಗಿ ಸೆಳವಿಗೆ ಬಿದ್ದಿತು. ನೀರಿನ ಮೇಲಿಂದ ಅವಳ ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಯಂಕಪ್ಪ ಈಚೆ ಬಂದು ಸುದ್ದಿ ಹೇಳಿದ.

"ನೀಲವ್ವ ಐದೂ ನುಡಿ ಹಾಡಿದ್ಲ್ರಿ ಅಜ್ಜಾರ. ಕಡೀ ನುಡಿಯಾಗ ಒಂದು ಕಡೆ ತಾಳ ತಪ್ಪಿತಂತ. ಮುದುಕಿ ಅಂಥಾದ್ರಾಗೂ ಬೆರಳೆತ್ತಿ ಅಕಿ ಅಂಗೈ ಮ್ಯಾಲೆ ಬಡದು ತಿದ್ದಿದ್ಲಂತ. ಇನ್ನೊಮ್ಮೆ ಹಾಡಿಸಿದ್ಲಂತ. ಆಮ್ಯಾಲೆ ಕಣ್ಣ ಮುಚ್ಚಿದ್ಲು."

"ಮಲಗಿದ್ಲೋ?"

"ಬೆಳಕ ಹರಿಯೂದರಾಗ ಹೋದ್ಲ್ರಿ. ಮಾರಿ ಮ್ಯಾಲೆ ನಗಿ ಹಂಗ ಇತ್ತು."

ಅಜ್ಜ ಹೊಳೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಕೈ ಮುಗಿದು ನಿಂತರು. ಆಮೇಲೆ ಬಂದು ಶೇಂಗಾದ ಮುಂದೆ ಕೂತರು.

ನಿರುಪಾದಿ ಒದ್ದೆ ಬಟ್ಟೆಯಿಂದ ಲ್ಯಾಪ್‌ಟಾಪಿನ ಮುಚ್ಚಳ ಒರೆಸುತ್ತಿದ್ದ. ವಿಭೂತಿ ಹೋಯಿತು, ಹೂವು ಹೋಯಿತು. ರೇಷ್ಮೆಯ ತುಂಡನ್ನು ಮಡಚಿ ಬದಿಗಿಟ್ಟ. ಕೇಳಲೋ ಬೇಡವೋ ಎಂದು ಹೊಯ್ದಾಡಿ ಕೊನೆಗೆ ಕೇಳಿಯೇಬಿಟ್ಟ.

"ಅಜ್ಜಾರ, ಮುಂದಿನ ಹಬ್ಬಕ್ಕ ಇದಕ್ಕ ಪೂಜಿ ಹೆಂಗ ಮಾಡ್ಲಿ?"

ಅಜ್ಜ ಎದ್ದು ಬಂದರು. ಶೇಂಗಾದ ಸಿಪ್ಪೆ ಅಂಟಿದ ಕೈಯಲ್ಲೇ ಹೆಡ್‌ಫೋನ್ ತಗೊಂಡು ಅವನ ಎರಡೂ ಕಿವಿಗೆ ಕೂರಿಸಿದರು. ರುದ್ರವ್ವನ ಪದ ಅವನ ಕೈಯಿಂದಲೇ ಹಚ್ಚಿಸಿ, ಲ್ಯಾಪ್‌ಟಾಪಿನ ಪರದೆಯನ್ನು ಅವನಿಗೆ ಕಾಣದ ಹಾಗೆ ಆಚೆ ತಿರುಗಿಸಿದರು. ಆಮೇಲೆ ಒಂದು ಕಿವಿಯದನ್ನು ಸ್ವಲ್ಪ ಎತ್ತಿ ಹಿಡಿದು ಅಂದರು.

"ಹಬ್ಬದ ತನಕ ಯಾಕ ತಡೀತಿ? ಈಗ ಮಾಡು."