ಐದನೆಯ ಕಿಡಿ

"ಉಸ್ತಾದರೇ, ನನ್ನ ಗಾಡಿಗೆ ಯಾವ ಇಂಜಿನ್ ಹಾಕಲಿ? ಊರೆಲ್ಲ ಹಾಕುವುದನ್ನೋ, ಯಾರೂ ಹಾಕದ್ದನ್ನೋ?"

ಕೇಳಿದವನು ನಾಗಲಿಂಗ. ಉಸ್ತಾದ್ ಹುಸೇನಸಾಬರ ಗ್ಯಾರೇಜಿನಲ್ಲಿ ಕೆಲಸ ಕಲಿತು, ಈಗ ಬೇರೆಯವರಿಗೆ ಕಲಿಸುವ ಮಟ್ಟಕ್ಕೆ ಬಂದವನು. ಹಳೆಯ ಕಾರೊಂದರ ಚಾವಣಿ ಕತ್ತರಿಸಿ, ಮಡ್‌ಗಾರ್ಡ್ ಕಿತ್ತು, ಓಟಕ್ಕೆಂದು ಹದ ಮಾಡಿ ನಿಲ್ಲಿಸಿದ್ದ. ಬಾನೆಟ್ಟಿನ ಕೆಳಗೆ ಮಾತ್ರ ಖಾಲಿ. ಜೊತೆಯವರೆಲ್ಲ ಜೀಪಿನ ಇಂಜಿನ್ ಹಾಕು ಎನ್ನುತ್ತಿದ್ದರು. ಅವನ ಕಣ್ಣು ಗುಜರಿಯಲ್ಲಿ ಬಿದ್ದಿದ್ದ ಬೇರೊಂದರ ಮೇಲಿತ್ತು. ಆಸೆಯೂ ಇತ್ತು, ನಗೆಪಾಟಲಾಗುವ ಭಯವೂ ಇತ್ತು.

ಉಸ್ತಾದರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. ನಾಗಲಿಂಗ ಒಂದು ಟೈರಿನ ಮೇಲೆ ಕೂತ. ಉಸ್ತಾದರು ಹೇಳತೊಡಗಿದರು.

ಒಂದು ಊರು. ಊರಿಗೊಂದು ಕೆರೆ. ಬೇಸಗೆಯಲ್ಲಿ ಕೆರೆ ಬತ್ತಿ ಅಂಗಳ ಗಟ್ಟಿಯಾದ ಮೇಲೆ, ಆ ಊರಿನ ಮೆಕ್ಯಾನಿಕ್‌ಗಳು ತಾವೇ ಕಟ್ಟಿದ ಗಾಡಿಗಳನ್ನು ಅಲ್ಲಿ ಓಡಿಸುತ್ತಿದ್ದರು. ಗಾಡಿಯ ಮೈ ಯಾವುದಾದರೂ ಇರಲಿ, ಒಳಗಿನ ಇಂಜಿನ್ ಮಾತ್ರ ಒಂದೇ. ನಾಲ್ಕು ಸಿಲಿಂಡರಿನದು. ಅದು ಊರಿನ ಇಂಜಿನ್. ಯಾವ ಅಂಗಡಿಯಲ್ಲಿ ಕೇಳಿದರೂ ಅದರ ಬಿಡಿಭಾಗ ಸಿಗುತ್ತಿತ್ತು. ಯಾರನ್ನು ಎಬ್ಬಿಸಿ ಕೇಳಿದರೂ ಅದರ ರೋಗ ಹೇಳುತ್ತಿದ್ದರು.

ಆ ಊರಿಗೆ ಒಂದು ಪದ್ಧತಿ ಇತ್ತು. ಓಟಕ್ಕೆ ಮುಂಚೆ ಕೆರೆಯ ಏರಿಯ ಮೇಲೆ ಒಂದು ಜಮಖಾನ ಹಾಸುತ್ತಿದ್ದರು. ಗಾಡಿ ತಂದವರೆಲ್ಲ ಅದರ ಮೇಲೆ ಏನಾದರೊಂದು ಬಿಡಿಭಾಗ ಇಡಬೇಕು. ಯಾರ ಗಾಡಿ ಕೈಕೊಟ್ಟರೂ ಅವರು ಯಾರನ್ನೂ ಕೇಳದೆ ಬೇಕಾದ್ದನ್ನು ಎತ್ತಿಕೊಳ್ಳಬಹುದು. ಜಮಖಾನದ ಮೇಲೆ ಇಟ್ಟದ್ದು ಇಟ್ಟವರದ್ದಲ್ಲ. ಇದರಿಂದ ಆ ಊರಿನಲ್ಲಿ ಸೋತವರಿದ್ದರೇ ಹೊರತು ನಡುದಾರಿಯಲ್ಲಿ ನಿಂತವರಿರಲಿಲ್ಲ. ಒಳ್ಳೆಯ ಪದ್ಧತಿ. ಅದನ್ನು ಮಾಡಿದವರು ದಡ್ಡರಲ್ಲ.

ಆ ಊರಿನಲ್ಲಿ ಒಬ್ಬಳು ಮೆಕ್ಯಾನಿಕ್ ಇದ್ದಳು. ಇಂಜಿನ್ ಬಿಚ್ಚುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಕೆರೆಯಲ್ಲಿ ಗಾಡಿ ಓಡಿಸದವರನ್ನು ಆ ಊರು ಮೆಕ್ಯಾನಿಕ್ ಎನ್ನುತ್ತಿರಲಿಲ್ಲ. ಅವಳನ್ನು 'ಪಂಕ್ಚರ್ ಅಕ್ಕ' ಎನ್ನುತ್ತಿದ್ದರು. ಅವಳಿಗೆ ಆ ಹೆಸರು ಸಾಕಾಗಿತ್ತು. ಒಂದು ವರ್ಷ ಅವಳೂ ಗಾಡಿ ಕಟ್ಟಿದಳು. ಗುಜರಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಪರದೇಶದ ಇಂಜಿನ್ ಒಂದನ್ನು ತಂದು ಕೂರಿಸಿದಳು. ಅದಕ್ಕೆ ಐದು ಸಿಲಿಂಡರ್. ಊರಿನ ಇಂಜಿನ್ನಿಗಿಂತ ಒಂದು ಗೇಣು ಉದ್ದ. ಅದನ್ನು ಹಿಡಿಸಲು ರೇಡಿಯೇಟರನ್ನು ಗಾಡಿಯ ಮೂತಿಯಿಂದ ಹೊರಗೆ ತಳ್ಳಬೇಕಾಯಿತು. ನೋಡಿದವರು ಗಾಡಿಗೆ ಹಲ್ಲುಬ್ಬು ಎಂದು ನಕ್ಕರು.

ಅವಳು ಗಾಡಿಯನ್ನು ಏರಿಗೆ ತಂದ ದಿನ ಹಿರಿಯ ಮೇಸ್ತ್ರಿ ಬಾನೆಟ್ ಎತ್ತಿ ನೋಡಿದ.

"ಏನಕ್ಕಾ ಇದು? ನಾಲ್ಕು ಜನ ಒಪ್ಪುವ ಹಾಗೆ ಮಾಡು ಅಂದರೆ ಐವರನ್ನು ಕಟ್ಟಿಕೊಂಡು ಬಂದಿದ್ದೀಯ! ಐವರನ್ನು ಕಟ್ಟಿಕೊಂಡವಳ ಪಾಡು ಸಭೆಯಲ್ಲಿ ಏನಾಯಿತು, ಗೊತ್ತು ತಾನೆ?"

"ಗೊತ್ತು ಮೇಸ್ತ್ರಿ. ಆ ಐವರು ಸುಮ್ಮನೆ ಕೂತಿದ್ದರು. ಇವರು ಕೂರುವವರಲ್ಲ."

ಏರಿಯ ಮೇಲಿದ್ದವರು ನಕ್ಕರು. ಮೇಸ್ತ್ರಿ ನಗಲಿಲ್ಲ.

"ಮಾತು ಬಿಡು. ನಮ್ಮ ಇಂಜಿನ್ನಿಗೆ ಏನು ಕಡಿಮೆಯಾಗಿದೆ?"

"ಏನೂ ಇಲ್ಲ. ಅದನ್ನು ಕಣ್ಣು ಮುಚ್ಚಿಕೊಂಡು ಬಿಚ್ಚುತ್ತೇನೆ, ಕಣ್ಣು ಮುಚ್ಚಿಕೊಂಡು ಜೋಡಿಸುತ್ತೇನೆ. ಕಣ್ಣು ತೆರೆಸುವಂಥದ್ದು ಒಂದು ಬೇಕಿತ್ತು."

"ಸರಿ. ಜಮಖಾನದ ಮೇಲೆ ಏನಿಡುತ್ತೀ? ನಿನ್ನದು ನಮ್ಮ ಯಾರಿಗೂ ಬರುವುದಿಲ್ಲ."

ಅವಳು ಚೀಲದಿಂದ ಹೊಸ ಫ್ಯಾನ್ ಬೆಲ್ಟ್ ತೆಗೆದು ಇಟ್ಟಳು. ಊರಿನ ಇಂಜಿನ್ನಿನ ಬೆಲ್ಟ್.

"ಇದು ನಿನ್ನ ಗಾಡಿಗೆ ಬರುವುದಿಲ್ಲವಲ್ಲ?"

"ನಿಮ್ಮದಕ್ಕೆ ಬರುತ್ತದಲ್ಲ."

ಮೇಸ್ತ್ರಿ ಬಾನೆಟ್ ಮುಚ್ಚಿದ. ಪದ್ಧತಿಯಲ್ಲಿ ತಪ್ಪು ಹುಡುಕಲು ಅವನಿಗೆ ಏನೂ ಸಿಗಲಿಲ್ಲ.

ಓಟ ಶುರುವಾಯಿತು. ಅರ್ಧ ಕೆರೆಯವರೆಗೆ ಅವಳೇ ಮುಂದೆ. ಆಮೇಲೆ ಇಂಜಿನ್ ಕೆಮ್ಮಿತು, ನಿಂತಿತು. ಅವಳು ಇಳಿದು ನೋಡಿದಳು. ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಕಾವಿಗೆ ಬಿರುಕು ಬಿಟ್ಟಿತ್ತು. ಜಮಖಾನದ ಮೇಲೆ ಅಂಥ ಮುಚ್ಚಳಗಳು ಬೇಕಾದಷ್ಟಿದ್ದವು. ಎಲ್ಲವಕ್ಕೂ ಸಿಲಿಂಡರಿಗೊಂದರಂತೆ ನಾಲ್ಕೇ ಮೊನೆ. ಅವಳು ಸತ್ತ ಗಾಡಿಯ ಪಕ್ಕ ಕೆರೆಯ ನಡುವೆ ನಿಂತಳು. ಉಳಿದ ಗಾಡಿಗಳು ಅವಳ ಪಕ್ಕದಿಂದ ಸುತ್ತಿಕೊಂಡು ಹೋದವು. ಆ ಊರಿನಲ್ಲಿ ನಡುದಾರಿಯಲ್ಲಿ ನಿಂತ ಮೊದಲನೆಯವಳು ಅವಳೇ.

ಗೆದ್ದವನು ಹೂವಿನ ಹಾರ ಹಾಕಿಕೊಂಡೇ ಅವಳ ಬಳಿಗೆ ಬಂದ. ಒಳ್ಳೆಯ ಮನುಷ್ಯ. ಅಣಕಿಸಲು ಬಂದಿರಲಿಲ್ಲ.

"ಅಕ್ಕಾ, ಹೊರಡುವ ಹೊತ್ತಿಗೆ ನನ್ನ ಬೆಲ್ಟ್ ಹರಿದಿತ್ತು. ನೀನಿಟ್ಟ ಬೆಲ್ಟೇ ಹಾಕಿಕೊಂಡು ಗೆದ್ದೆ. ನೀನೂ ನಮ್ಮ ಇಂಜಿನ್ನೇ ಹಾಕಿದ್ದರೆ ಈ ಹಾರ ನಿನ್ನ ಕೊರಳಿಗೇ ಬೀಳುತ್ತಿತ್ತು."

"ಬೀಳುತ್ತಿತ್ತೇನೋ. ಈಗ ನನ್ನ ಗಾಡಿಗೊಂದು ಹಗ್ಗ ಕಟ್ಟು, ಎಳೆದುಕೊಂಡು ಹೋಗೋಣ" ಎಂದಳು ಅವಳು.

ಸಂಜೆ ಹಿರಿಯರು ಕೂತು ಹೊಸ ನಿಯಮ ಮಾಡಿದರು. ಇನ್ನು ಮೇಲೆ ಜಮಖಾನದ ಮೇಲೆ ತನ್ನ ಗಾಡಿಗೆ ಬರುವ ಬಿಡಿಭಾಗ ಇಲ್ಲದವರು ಕೆರೆಗೆ ಇಳಿಯುವಂತಿಲ್ಲ. ನಿಯಮದಲ್ಲಿ ಅವಳ ಹೆಸರಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಮೇಸ್ತ್ರಿ ಮಾತ್ರ ಮರ್ಯಾದೆಯಿಂದಲೇ ಹೇಳಿದ: "ನೋಡಮ್ಮ, ನಿನ್ನ ಒಳ್ಳೆಯದಕ್ಕೇ ಹೇಳುವುದು. ಮುಂದಿನ ವರ್ಷ ನಮ್ಮ ಇಂಜಿನ್ ಹಾಕಿಕೊಂಡು ಬಾ. ಇಲ್ಲವೇ ಪಂಕ್ಚರ್ ಅಂಗಡಿಯೇ ಇದೆಯಲ್ಲ."

ಅವಳು ಮನೆಗೆ ಹೋದಳು. ಆ ಇಂಜಿನ್ ಕಟ್ಟಿದ ದೇಶದಲ್ಲೇ ಈಗ ಅದನ್ನು ಮರೆತಿದ್ದರು. ಮುಚ್ಚಳ ಸಿಗುವ ಮಾತಿರಲಿಲ್ಲ. ಮಾಡಬೇಕಿತ್ತು. ಕರೆಂಟು ಹಾಯದ ಹೈಲಂ ಹಲಗೆಯ ದಪ್ಪ ತುಂಡೊಂದನ್ನು ಲೇತಿಗೆ ಕಟ್ಟಿ ಕೊರೆದಳು. ಒಳಗೆ ಹಿತ್ತಾಳೆಯ ಮೊನೆ ಕೂರಿಸಲು ಗುರುತು ಹಾಕಿದಳು. ಗುರುತು ಹಾಕಿ ಮುಗಿಸಿ ನೋಡಿದರೆ ನಾಲ್ಕೇ ಇದ್ದವು. ಐದನೆಯದಕ್ಕೆ ಜಾಗವೇ ಇಲ್ಲ.

ಅವಳಿಗೆ ನಗು ಬಂತು. ಮೇಸ್ತ್ರಿಯ ಮುಂದೆ ಅಷ್ಟು ಮಾತಾಡಿದವಳು ತಾನೇ. ಆದರೂ ಕೈಯೊಳಗೆ ಊರಿನ ಇಂಜಿನ್ನೇ ಕೂತಿತ್ತು. ಆ ತುಂಡನ್ನು ಎಸೆದು ಇನ್ನೊಂದು ಕೊರೆದಳು. ಕೈಯನ್ನು ನಂಬಲಿಲ್ಲ. ಅಂಚಿನ ಸುತ್ತ ದಾರ ಸುತ್ತಿ, ಬಿಚ್ಚಿ, ಅಳೆದು, ಐದು ಪಾಲು ಮಾಡಿ ಗುರುತು ಹಾಕಿದಳು. ಅದು ಕಾವಿಗೆ ಬಿರಿಯಿತು. ಮತ್ತೊಂದರಲ್ಲಿ ಕಿಡಿ ಒಂದು ಮೊನೆಯಿಂದ ಇನ್ನೊಂದಕ್ಕೆ ಹಾರಿತು. ಬೇಸಗೆ ಹೋಯಿತು, ಮಳೆಗಾಲ ಹೋಯಿತು. ಹಗಲೆಲ್ಲ ಪಂಕ್ಚರ್ ಹಾಕುವುದು, ಬಿಡುವಾದಾಗ ಮುಚ್ಚಳ ಕೊರೆಯುವುದು. ಕಡೆಗೊಂದು ದಿನ ಐದೂ ಕಿಡಿಗಳು ತಂತಮ್ಮ ಮನೆಗೆ ಸರಿಯಾಗಿ ಹೋದವು.

ಅದಾದ ಮೇಲೂ ಅವಳು ಲೇತು ನಿಲ್ಲಿಸಲಿಲ್ಲ. ಅಂಥದ್ದೇ ಇನ್ನೊಂದು ಮಾಡಿದಳು.

ಮತ್ತೆ ಕೆರೆ ಬತ್ತಿತು. ಏರಿಯ ಮೇಲೆ ಜಮಖಾನ ಹಾಸಿದರು. ಅವಳು ಅದೇ ಹಲ್ಲುಬ್ಬು ಗಾಡಿಯನ್ನು ತಂದು ನಿಲ್ಲಿಸಿದಳು. ಮೊದಲು ಒಂದು ಫ್ಯಾನ್ ಬೆಲ್ಟ್ ಇಟ್ಟಳು. ಅದರ ಪಕ್ಕದಲ್ಲಿ ಐದು ಮೊನೆಯ ಮುಚ್ಚಳ ಇಟ್ಟಳು.

ಮೇಸ್ತ್ರಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಕೆಲಸ ಬಲ್ಲವನು. ಮಾಡಿದ ಕೆಲಸ ಅವನಿಗೆ ಕಂಡಿತು. ಆದರೂ ಹೇಳಿದ:

"ಇದು ಮೋಸ ಅಕ್ಕಾ. ಜಮಖಾನ ಹತ್ತು ಜನಕ್ಕೆ ಇರುವುದು. ಇದು ನಿನಗೊಬ್ಬಳಿಗೇ ಬರುವಂಥದ್ದು."

"ಈ ವರ್ಷ ಹೌದು."

"ಅಂದರೆ?"

"ಗುಜರಿಯಲ್ಲಿ ಈ ಜಾತಿಯ ಇಂಜಿನ್ ಇನ್ನೂ ಒಂದು ಬಿದ್ದಿದೆ. ಅಂಥದ್ದರ ಮೇಲೆ ಕಣ್ಣು ಹಾಕಿ, ಮುಚ್ಚಳ ಒಡೆದರೆ ಗತಿಯೇನು ಎಂದು ಹೆದರಿ ವಾಪಸು ಹೋದವರು ಈ ಊರಲ್ಲಿ ಇಲ್ಲವೇ? ನೀವೇ ಹೋಗಿಲ್ಲವೇ ಮೇಸ್ತ್ರಿ, ಹರೆಯದಲ್ಲಿ? ಇಟ್ಟದ್ದು ಇಟ್ಟವರದ್ದಲ್ಲ ಎಂದು ನಿಯಮ ಮಾಡಿದವರು ನೀವು. ನಾನು ಇಟ್ಟಾಯಿತು. ಇನ್ನು ಅದು ನನ್ನದಲ್ಲ. ಬೇಡವಾದರೆ ನೀವೇ ಕೈಯಾರೆ ಎತ್ತಿ ಕೆರೆಗೆ ಎಸೆಯಿರಿ. ನಾನು ಗಾಡಿ ತಿರುಗಿಸಿಕೊಂಡು ಹೋಗುತ್ತೇನೆ."

ಏರಿಯ ಮೇಲೆ ಒಬ್ಬರೂ ನಗಲಿಲ್ಲ. ಮೇಸ್ತ್ರಿ ಬಗ್ಗಿ, ಮುಚ್ಚಳವನ್ನು ಇದ್ದ ಜಾಗದಲ್ಲೇ ಇಟ್ಟ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅವಳು ಗಾಡಿ ಹತ್ತಿದಳು. ಕೀಲಿ ತಿರುಗಿಸಿದಳು. ಊರಿನ ಇಂಜಿನ್‌ಗಳ ನಡುವೆ ಅದರ ಸದ್ದು ಬೇರೆಯಾಗಿಯೇ ಕೇಳಿತು. ಗಾಡಿ ಏರಿಯಿಂದ ಇಳಿದು ಕೆರೆಯ ಅಂಗಳಕ್ಕೆ ಹೋಯಿತು.

ಉಸ್ತಾದರು ಅಲ್ಲಿಗೆ ನಿಲ್ಲಿಸಿದರು. ಎದ್ದು, ಅರ್ಧಕ್ಕೆ ಬಿಟ್ಟಿದ್ದ ಗೇರ್‌ಬಾಕ್ಸಿನ ಕಡೆ ಹೋದರು.

ನಾಗಲಿಂಗನಿಗೆ ತಡೆಯಲಾಗಲಿಲ್ಲ. ಕತೆಯಲ್ಲಿ ಅವನಿಗೆ ಬೇಕಾದದ್ದು ಇನ್ನೂ ಬಂದಿರಲಿಲ್ಲ. ಅದು ತಿಳಿದರೆ ತಾನು ನಾಳೆ ಗುಜರಿಗೆ ಹೋಗಬೇಕೋ ಬಿಡಬೇಕೋ ಎಂಬುದೂ ತಿಳಿಯುತ್ತದೆ ಎಂದು ಅವನಿಗೆ ಅನಿಸಿತ್ತು. ಟೈರಿನಿಂದ ಎದ್ದು ಅವರ ಹಿಂದೆಯೇ ಹೋದ.

"ಆಮೇಲೆ ಉಸ್ತಾದರೇ? ಆ ವರ್ಷ ಅವಳು ಗೆದ್ದಳೇ?"

ಉಸ್ತಾದರು ಪಾನಾ ಎತ್ತಿಕೊಂಡರು. ತಿರುಗಿ ನೋಡದೆ ಹೇಳಿದರು:

"ಗೆದ್ದಳೇ ಎಂದು ಕೇಳುವವನಿಗೆ ಊರಿನ ಇಂಜಿನ್ನೇ ಸರಿ."